ಚಂದ್ರಗಿರಿಯ ಎರಡು ದಡ: ಕಾಸರಗೋಡು ಲೋಕಸಭಾ ಕ್ಷೇತ್ರದ ಚುನಾವಣೆಗಳು

(ಕಾಸರಗೋಡಿನಲ್ಲಿ ಕನ್ನಡ ಓದುಗರೆದುರು ನೀಡಿದ ಉಪನ್ಯಾಸದ ಬರಹ ರೂಪ)

ಸ್ನೇಹಿತರೇ,

ಕೇರಳದ ಲೋಕಸಭಾ ಕ್ಷೇತ್ರಗಳ ಪಟ್ಟಿಯಲ್ಲಿ ಒಂದನೇ ಸಂಖ್ಯೆ ಕಾಸರಗೋಡಿನದು. ವಿಧಾನಸಭಾ ಕ್ಷೇತ್ರಗಳ ಪಟ್ಟಿಯಲ್ಲಿ ಒಂದನೇ ಸಂಖ್ಯೆ ಮಂಜೇಶ್ವರದ್ದು. ಎಣಿಕೆ ಬಡಗಿನಿಂದ, ಅಂದರೆ ಕರ್ನಾಟಕ ಗಡಿಯ ತಲಪಾಡಿಯ ಈಚೆಯಿಂದ ಶುರುವಾಗುತ್ತದೆ. ಆದರೆ ಈ ಕ್ಷೇತ್ರದ ಫಲಿತಾಂಶ ನಿರ್ಧಾರವಾಗುವುದು ಬಹುಮಟ್ಟಿಗೆ ತೆಂಕಿನಲ್ಲಿ. ಇದು ಮನಸ್ಸಿನಲ್ಲಿದ್ದರೆ ಮುಂದಿನ ಎಪ್ಪತ್ತು ವರ್ಷದ ಲೆಕ್ಕ ಸುಲಭವಾಗಿ ಬಿಡಿಸಿಕೊಳ್ಳುತ್ತದೆ.

ಈಗಿರುವ ಏಳು ವಿಧಾನಸಭಾ ಕ್ಷೇತ್ರಗಳನ್ನು ಬಡಗಿನಿಂದ ತೆಂಕಿಗೆ ಹೇಳುತ್ತೇನೆ: ಮಂಜೇಶ್ವರ, ಕಾಸರಗೋಡು, ಉದುಮ, ಕಾಞಂಗಾಡು, ತ್ರಿಕ್ಕರಿಪುರ, ಪಯ್ಯನ್ನೂರು, ಕಲ್ಯಾಶ್ಶೇರಿ. ಕೊನೆಯ ಎರಡು ಕಣ್ಣೂರು ಜಿಲ್ಲೆಯವು. ಕನ್ನಡ, ತುಳು ಮಾತಾಡುವ ಜನ ಗಣನೀಯವಾಗಿರುವುದು ಮೊದಲ ಎರಡರಲ್ಲಿ. ಮಂಜೇಶ್ವರದಲ್ಲಿ ಮಂಜೇಶ್ವರ, ವರ್ಕಾಡಿ, ಮೀಂಜ, ಮಂಗಲ್ಪಾಡಿ, ಪೈವಳಿಕೆ, ಕುಂಬಳೆ, ಪುತ್ತಿಗೆ, ಎಣ್ಮಕಜೆ ಎಂಬ ಎಂಟು ಪಂಚಾಯತುಗಳಿವೆ. ಕಾಸರಗೋಡಿನಲ್ಲಿ ನಗರಸಭೆಯ ಜೊತೆ ಮಧೂರು, ಬದಿಯಡ್ಕ, ಕುಂಬ್ಡಾಜೆ, ಬೆಳ್ಳೂರು, ಕಾರಡ್ಕ, ಚೆಂಗಳ, ಮೊಗ್ರಾಲ್ ಪುತ್ತೂರು ಸೇರುತ್ತವೆ. ಉದುಮ ಕ್ಷೇತ್ರದ ಮುಳಿಯಾರು, ದೇಲಂಪಾಡಿಗಳಲ್ಲಿಯೂ ನಮ್ಮ ಮಾತಿನವರಿದ್ದಾರೆ. ಉಳಿದ ನಾಲ್ಕು ಕ್ಷೇತ್ರಗಳು ಬೇರೆಯೇ ಲೋಕ. ಅಲ್ಲಿನ ರಾಜಕೀಯ ರೂಪುಗೊಂಡದ್ದು ರೈತ ಹೋರಾಟ, ನೇಕಾರರ ಸಂಘಟನೆ, ಕಮ್ಯುನಿಸ್ಟ್ ಪಕ್ಷದ ಬೇರುಮಟ್ಟದ ಕೆಲಸದಿಂದ.

ಪ್ರತಿ ಚುನಾವಣೆಯ ಮಾರನೇ ದಿನ ನಮ್ಮ ನಡುವೆ ಏಳುವ ಪ್ರಶ್ನೆ ಒಂದೇ: ಕನ್ನಡಿಗರ ಮತ ಎಲ್ಲಿ ಹೋಯಿತು? ಅದು ಎಲ್ಲಿಗೂ ಹೋಗಿಲ್ಲ ಎನ್ನುವುದು ನನ್ನ ಅಭಿಪ್ರಾಯ. ಏಳರಲ್ಲಿ ಎರಡು ಕ್ಷೇತ್ರಗಳಲ್ಲಿ ಕೂಡಿಕೊಂಡಿರುವ ಮತಕ್ಕೆ ವಿಧಾನಸಭೆಯಲ್ಲಿ ಒಂದು ತೂಕ, ಲೋಕಸಭೆಯಲ್ಲಿ ಇನ್ನೊಂದು ತೂಕ. ಅದರ ಮೇಲೆ ರಂಗಗಳ, ಅಂದರೆ ಪಕ್ಷಗಳ ಕೂಟಗಳ, ಹೊಂದಾಣಿಕೆ ಬದಲಾದಾಗಲೆಲ್ಲ ಆ ತೂಕವೂ ಬದಲಾಗುತ್ತ ಬಂದಿದೆ.

1952ರ ಮೊದಲ ಸಾರ್ವತ್ರಿಕ ಚುನಾವಣೆಯ ಹೊತ್ತಿಗೆ ಕಾಸರಗೋಡು ತಾಲೂಕು ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. ಜಿಲ್ಲೆಗೆ ಎರಡು ಲೋಕಸಭಾ ಸ್ಥಾನ. ಉತ್ತರದ್ದರಿಂದ ಯು. ಶ್ರೀನಿವಾಸ ಮಲ್ಯರೂ ದಕ್ಷಿಣದ್ದರಿಂದ ಬಿ. ಶಿವರಾಯರೂ ಗೆದ್ದರು. ರಾಜ್ಯಗಳ ಪುನರ್ವಿಂಗಡಣೆಗೆ ನೇಮಿಸಿದ್ದ ಫಜಲ್ ಅಲಿ ಆಯೋಗ 1955ರಲ್ಲಿ ತಾಲೂಕನ್ನು ಕೇರಳಕ್ಕೆ ಸೇರಿಸಲು ಶಿಫಾರಸು ಮಾಡಿತು. 1956ರ ನವೆಂಬರ್ 1ರಂದು ಅದು ಜಾರಿಗೆ ಬಂತು. ನಾಲ್ಕು ತಿಂಗಳು ತುಂಬುವ ಮೊದಲೇ ಕೇರಳದ ಮೊದಲ ವಿಧಾನಸಭಾ ಚುನಾವಣೆ. ಗಡಿ ಬದಲಾದ ನೋವು ಇನ್ನೂ ಹಸಿಯಾಗಿದ್ದಾಗಲೇ ಜನ ಮತಗಟ್ಟೆಗೆ ಹೋಗಬೇಕಾಯಿತು.

ಆದರೆ ಮಂಜೇಶ್ವರದವರು ವಿಧಾನಸಭೆಗೆ ಮತ ಹಾಕುವ ಪ್ರಸಂಗವೇ ಬರಲಿಲ್ಲ. ತಾಲೂಕನ್ನು ಕನ್ನಡ ನಾಡಿಗೆ ಸೇರಿಸಬೇಕೆಂದು ಹೋರಾಡುತ್ತಿದ್ದ ಕರ್ನಾಟಕ ಸಮಿತಿಯ ಎಂ. ಉಮೇಶ ರಾವ್ ಅವಿರೋಧವಾಗಿ ಆಯ್ಕೆಯಾದರು. ಆ ವರ್ಷ ಇಡೀ ಕೇರಳದಲ್ಲಿ ಅವಿರೋಧ ಆಯ್ಕೆ ಅದೊಂದೇ. ದಾಖಲೆಯಲ್ಲಿ ಅವರು ಪಕ್ಷೇತರರು. ನಾಮಪತ್ರ ಹಿಂತೆಗೆಯುವ ಅವಧಿ ಮುಗಿದಾಗ ಕಣದಲ್ಲಿ ಒಬ್ಬರೇ ಉಳಿದರೆ, ಪ್ರಜಾಪ್ರತಿನಿಧಿ ಕಾಯ್ದೆಯ 53ನೇ ಸೆಕ್ಷನ್ ಪ್ರಕಾರ ಚುನಾವಣಾಧಿಕಾರಿ ಅವರ ಆಯ್ಕೆಯನ್ನು ಅಲ್ಲಿಯೇ ಘೋಷಿಸುತ್ತಾರೆ. ವಿಲೀನದ ವಿಚಾರದಲ್ಲಿ ಬಡಗಿನ ಅಭಿಪ್ರಾಯ ಎಷ್ಟು ಒಗ್ಗಟ್ಟಾಗಿತ್ತೆಂಬುದಕ್ಕೆ ಇದಕ್ಕಿಂತ ಗಟ್ಟಿ ದಾಖಲೆ ಬೇಕಿಲ್ಲ.

ಅದೇ ಚುನಾವಣೆಯಲ್ಲಿ ತೆಂಕಿನಲ್ಲಿ ಏನಾಯಿತು ನೋಡಿ. ಆಗ ದ್ವಿಸದಸ್ಯ ಕ್ಷೇತ್ರವಾಗಿದ್ದ ನೀಲೇಶ್ವರದಿಂದ ಇ.ಎಂ.ಎಸ್. ನಂಬೂದಿರಿಪಾಡ್ ಮತ್ತು ಕಲ್ಲಾಳನ್ ವೈದ್ಯರ್ ಗೆದ್ದರು. ಏಪ್ರಿಲ್ 5ರಂದು ಇ.ಎಂ.ಎಸ್. ಕೇರಳದ ಮೊದಲ ಮುಖ್ಯಮಂತ್ರಿಯಾದರು. ಅಂದರೆ ಆ ಮುಖ್ಯಮಂತ್ರಿ ಇಂದಿನ ಕಾಸರಗೋಡು ಜಿಲ್ಲೆಯಿಂದಲೇ ಆರಿಸಿ ಬಂದವರು. ಹೊಸದುರ್ಗದಲ್ಲಿ ಪ್ರಜಾ ಸೋಷಲಿಸ್ಟ್ ಪಕ್ಷದ ಕೆ. ಚಂದ್ರಶೇಖರನ್, ಕಾಸರಗೋಡಿನಲ್ಲಿ ಕಾಂಗ್ರೆಸ್ಸಿನ ಸಿ. ಕುಂಞಿಕೃಷ್ಣನ್ ನಾಯರ್. ಹೀಗೆ ಅಕ್ಕಪಕ್ಕದ ನಾಲ್ಕು ಕ್ಷೇತ್ರಗಳು ನಾಲ್ಕು ದಾರಿ ಹಿಡಿದವು. ಲೋಕಸಭೆಗೆ ಎ.ಕೆ. ಗೋಪಾಲನ್. 1952ರಲ್ಲಿ ಕಣ್ಣೂರಿನಿಂದ ಗೆದ್ದಿದ್ದ ಅವರು 1957, 1962, 1967ರಲ್ಲಿ ಮೂರು ಬಾರಿ ಕಾಸರಗೋಡಿನ ಸಂಸದರು. ಮೊದಲೆರಡು ಬಾರಿ ಸಿಪಿಐ, ಪಕ್ಷ ಒಡೆದ ಮೇಲೆ ಸಿಪಿಎಂ.

ಇಲ್ಲಿ ಮತ ಹಾಕುವ ವಿಧಾನದ ಬಗ್ಗೆ ಒಂದು ಮಾತು. 1952 ಮತ್ತು 1957ರಲ್ಲಿ ಪ್ರತಿ ಅಭ್ಯರ್ಥಿಗೂ ಬೇರೆ ಬೇರೆ ಪೆಟ್ಟಿಗೆ. ಪೆಟ್ಟಿಗೆಯ ಮೇಲೆ ಚಿಹ್ನೆ. ಮತಪತ್ರದಲ್ಲಿ ಹೆಸರಿಲ್ಲ, ಗುರುತು ಹಾಕುವ ಕೆಲಸವೂ ಇಲ್ಲ. ಬೇಕಾದ ಪೆಟ್ಟಿಗೆಗೆ ಚೀಟಿ ಹಾಕಿದರಾಯಿತು. ಓದಲು ಬಾರದವರಿಗೂ, ಬೇರೆ ಲಿಪಿ ಓದುವವರಿಗೂ ಅದು ಸಮಾನ. ಆಮೇಲೆ ಎಲ್ಲ ಹೆಸರೂ ಒಂದೇ ಮತಪತ್ರದಲ್ಲಿ ಅಚ್ಚಾಗಿ, ಮತದಾರ ಗುರುತು ಒತ್ತುವ ಕ್ರಮ ಬಂದಾಗ ಲಿಪಿಯ ಪ್ರಶ್ನೆ ಮತಗಟ್ಟೆಯೊಳಗೆ ಕಾಲಿಟ್ಟಿತು. ಇಂದು ಮಂಜೇಶ್ವರ, ಕಾಸರಗೋಡು ಕ್ಷೇತ್ರಗಳಲ್ಲಿ ಹೆಸರುಗಳು ಮಲಯಾಳದ ಜೊತೆಗೆ ಕನ್ನಡದಲ್ಲಿಯೂ ಇರುತ್ತವೆ. ಯಾವ ಭಾಷೆಯಲ್ಲಿ ಅಚ್ಚಾಗಬೇಕೆಂದು ಹೇಳುವ ಅಧಿಕಾರ ಚುನಾವಣಾ ಆಯೋಗದ್ದು. 1961ರ ಚುನಾವಣಾ ನಿಯಮಗಳ 22ನೇ ನಿಯಮ ಅದನ್ನು ಆಯೋಗಕ್ಕೇ ಬಿಟ್ಟಿದೆ. ಹಾಗಾಗಿ ಕನ್ನಡ ಬಿಟ್ಟುಹೋಗಿದೆ ಎಂದು ಅನಿಸಿದಾಗ ಮನವಿ ಹೋಗಬೇಕಾದದ್ದು ಆಯೋಗಕ್ಕೆ, ಜಿಲ್ಲಾ ಚುನಾವಣಾಧಿಕಾರಿಯ ಮೂಲಕ.

ಮಂಜೇಶ್ವರಕ್ಕೆ ಮರಳೋಣ. 1960, 1965, 1967ರಲ್ಲಿ ಕಳ್ಳಿಗೆ ಮಹಾಬಲ ಭಂಡಾರಿಯವರು ಸತತವಾಗಿ ಗೆದ್ದರು. ಇದರಲ್ಲಿ 1965ರ ಗೆಲುವಿಗೆ ಸದನವೇ ಸಿಗಲಿಲ್ಲ. ಯಾರಿಗೂ ಬಹುಮತ ಬಾರದೆ ಆ ವಿಧಾನಸಭೆ ಒಂದು ದಿನವೂ ಸೇರದೆ ವಿಸರ್ಜನೆಗೊಂಡಿತು. 1967ರಲ್ಲಿ ಭಂಡಾರಿಯವರ ಜೊತೆಗೆ ಕಾಸರಗೋಡಿನಿಂದ ಯು.ಪಿ. ಕುಣಿಕುಳ್ಳಾಯರೂ ಗೆದ್ದರು. ಚಂದ್ರಗಿರಿ ಹೊಳೆಯಿಂದ ಬಡಗಿನ ಎರಡೂ ಸ್ಥಾನ ಕನ್ನಡದ ಹೋರಾಟಗಾರರ ಕೈಯಲ್ಲಿದ್ದ ವರ್ಷ ಅದು. ಅದೇ 1967ರ ಆಗಸ್ಟಿನಲ್ಲಿ, ಗಡಿ ವಿವಾದ ಪರಿಶೀಲಿಸಲು ನೇಮಿಸಿದ್ದ ಮಹಾಜನ ಆಯೋಗದ ವರದಿ ಬಂತು. ಚಂದ್ರಗಿರಿ ಹೊಳೆಯಿಂದ ಬಡಗಿನ ಭಾಗ ಆಗಿನ ಮೈಸೂರು ರಾಜ್ಯಕ್ಕೆ ಸೇರಬೇಕೆಂದು ಅದು ಹೇಳಿತು. ಕೇರಳ ಒಪ್ಪಲಿಲ್ಲ. ಕೇಂದ್ರ ಜಾರಿಗೆ ತರಲಿಲ್ಲ.

1970ರ ಚುನಾವಣೆಯಲ್ಲಿ ಎರಡೂ ಸ್ಥಾನ ಹೋದವು. ಮಂಜೇಶ್ವರ ಸಿಪಿಐಯ ಎಂ. ರಾಮಪ್ಪ ಅವರಿಗೆ, ಕಾಸರಗೋಡು ಬಿ.ಎಂ. ಅಬ್ದುಲ್ ರಹಿಮಾನ್ ಅವರಿಗೆ. ಮೂರು ವರ್ಷದಲ್ಲಿ ಜನರ ಭಾಷಾಭಿಮಾನ ಕರಗಿತೆಂದು ಇದನ್ನು ಓದುವವರಿದ್ದಾರೆ. ನನಗೆ ಹಾಗೆ ಕಾಣುವುದಿಲ್ಲ. ಮೂರು ಸಂಗತಿಗಳು ಒಟ್ಟಿಗೆ ಬಂದವು. ವರದಿ ಬಂದೂ ಗಡಿ ಅಲುಗದಿದ್ದಾಗ, ಒಂದೇ ಬೇಡಿಕೆಯ ಮೇಲೆ ನಿಂತ ಸಮಿತಿಗೆ ಮುಂದಿನ ಐದು ವರ್ಷ ಏನು ಮಾಡುತ್ತೇವೆಂದು ಹೇಳುವುದು ಕಷ್ಟವಾಯಿತು. ಕೇರಳದ ರಾಜಕೀಯ ಗಟ್ಟಿಯಾಗಿ ರಂಗಗಳಾಗಿ ಕಟ್ಟಿಕೊಂಡಿತು. ರಂಗದೊಳಗಿಲ್ಲದ ಒಬ್ಬಿಬ್ಬರು ಶಾಸಕರಿಗೆ ತಮ್ಮ ಊರಿಗೆ ರಸ್ತೆ, ಶಾಲೆ, ಸೇತುವೆ ತರುವ ದಾರಿ ಕಿರಿದಾಯಿತು. ಮೂರನೆಯದು ಭೂಸುಧಾರಣೆ. 1970ರ ಜನವರಿ 1ರಿಂದ ಗೇಣಿ ಪದ್ಧತಿ ರದ್ದಾಯಿತು. ಬಡಗಿನ ಗೇಣಿದಾರರಲ್ಲಿ ತುಳು ಮಾತಾಡುವವರೂ ಬ್ಯಾರಿ, ಮಾಪಿಳ್ಳೆ ಕುಟುಂಬಗಳೂ ಬೇಕಷ್ಟಿದ್ದವು. ಅವರಿಗೆ ನೆಲದ ಹಕ್ಕು ಮೊದಲು, ಗಡಿ ಆಮೇಲೆ. ಮುಂದೆ ಮಂಜೇಶ್ವರದಲ್ಲಿ 1977ರಲ್ಲಿ ರಾಮಪ್ಪ, 1980 ಮತ್ತು 1982ರಲ್ಲಿ ಡಾ. ಎ. ಸುಬ್ಬರಾವ್ ಹೀಗೆ ಸಿಪಿಐ ಸತತ ನಾಲ್ಕು ಸಲ ಗೆದ್ದಿತು. ಸುಬ್ಬರಾಯರು 1980ರ ನಾಯನಾರ್ ಸಂಪುಟದಲ್ಲಿ ನೀರಾವರಿ ಸಚಿವರಾಗಿದ್ದರು. ಕನ್ನಡ–ತುಳು ನೆಲದ ಮತ ಆ ಅವಧಿಯಲ್ಲಿ ಎಡಪಕ್ಷದ ಮೂಲಕ ಸಚಿವ ಸಂಪುಟದವರೆಗೆ ಮುಟ್ಟಿತ್ತೆಂಬುದನ್ನು ನಾವು ಬೇಗ ಮರೆತಿದ್ದೇವೆ.

ರಂಗದ ಲೆಕ್ಕ ಹೇಗೆ ಕೆಲಸ ಮಾಡುತ್ತದೆಂದು ತಿಳಿಯಲು 1967 ಮತ್ತು 1971ರ ಲೋಕಸಭಾ ಫಲಿತಾಂಶಗಳನ್ನು ಪಕ್ಕಪಕ್ಕ ಇಟ್ಟು ನೋಡಬೇಕು. 1967ರಲ್ಲಿ ಸಿಪಿಎಂ, ಸಿಪಿಐ, ಮುಸ್ಲಿಂ ಲೀಗ್ ಸೇರಿ ಏಳು ಪಕ್ಷಗಳ ಕೂಟ. ಎ.ಕೆ. ಗೋಪಾಲನ್ (ಎ.ಕೆ.ಜಿ.) ಲಕ್ಷಕ್ಕೂ ಮೀರಿದ ಅಂತರದಿಂದ ಗೆದ್ದರು. 1971ರ ಹೊತ್ತಿಗೆ ಸಿಪಿಐ ಮತ್ತು ಲೀಗ್ ಎರಡೂ ಕಾಂಗ್ರೆಸ್ಸಿನ ಜೊತೆ. ಎ.ಕೆ.ಜಿ. ಪಾಲಕ್ಕಾಡಿಗೆ ಹೋಗಿ ಅಲ್ಲಿ ಗೆದ್ದರು. ಇಲ್ಲಿ ಸಿಪಿಎಂನ ಇ.ಕೆ. ನಾಯನಾರ್ ಅವರನ್ನು ವಿದ್ಯಾರ್ಥಿ ಸಂಘಟನೆಯಿಂದ ಬಂದ ಕಾಂಗ್ರೆಸ್ಸಿನ ಯುವಕ ಕಡನ್ನಪ್ಪಳ್ಳಿ ರಾಮಚಂದ್ರನ್ ಸುಮಾರು 28 ಸಾವಿರ ಮತಗಳಿಂದ ಸೋಲಿಸಿದರು. ನಾಲ್ಕು ವರ್ಷದಲ್ಲಿ ಒಂದೂವರೆ ಲಕ್ಷದಷ್ಟು ಮತದ ಲೆಕ್ಕ ಮಗುಚಿತು. ಅಷ್ಟು ಮಂದಿ ಮನಸ್ಸು ಬದಲಿಸಿದರೆಂದು ಅರ್ಥವಲ್ಲ. ಬಹುಪಾಲು ಜನ ತಮ್ಮ ಪಕ್ಷ ಹೇಳಿದಲ್ಲಿಗೇ ಮತ ಹಾಕಿದ್ದರು, ಪಕ್ಷಗಳು ಜಾಗ ಬದಲಿಸಿದ್ದವು. 1977ರಲ್ಲಿ ತುರ್ತುಪರಿಸ್ಥಿತಿಯ ನಂತರ ಉತ್ತರ ಭಾರತದಲ್ಲಿ ಕಾಂಗ್ರೆಸ್ ನೆಲಕಚ್ಚಿದಾಗ ಕೇರಳದ 20 ಸ್ಥಾನಗಳೂ ಕಾಂಗ್ರೆಸ್ ಕೂಟಕ್ಕೆ ಬಂದವು. ಕಡನ್ನಪ್ಪಳ್ಳಿ ಎರಡನೇ ಬಾರಿ ಗೆದ್ದರು, ಈ ಸಲ ಎಂ. ರಾಮಣ್ಣ ರೈ ಅವರೆದುರು.

ಇಲ್ಲಿಂದ ನಮಗೆ ಬಹಳ ಮುಖ್ಯವಾದ ಹದಿನಾರು ವರ್ಷ ಶುರುವಾಗುತ್ತದೆ. 1980ರಲ್ಲಿ ಸಿಪಿಎಂನ ಎಂ. ರಾಮಣ್ಣ ರೈ. 1984ರಲ್ಲಿ ಇಂದಿರಾ ಗಾಂಧಿಯವರ ಹತ್ಯೆಯ ನಂತರದ ಅಲೆಯಲ್ಲಿ ಕಾಂಗ್ರೆಸ್ಸಿನ ಐ. ರಾಮ ರೈ, ಸಿಪಿಎಂನ ಇ. ಬಾಲಾನಂದನ್ ಅವರನ್ನು ಸೋಲಿಸಿ. 1989ರಲ್ಲಿ ಮತ್ತೆ ರಾಮಣ್ಣ ರೈ, ಒಂದೂವರೆ ಸಾವಿರದಷ್ಟು ಕಿರಿದಾದ ಅಂತರದಲ್ಲಿ, ರಾಮ ರೈ ಅವರೆದುರೇ. 1991ರಲ್ಲೂ ರಾಮಣ್ಣ ರೈ, ಆಗ ಎದುರಾಳಿ ಕೆ.ಸಿ. ವೇಣುಗೋಪಾಲ್. 1980ರಿಂದ 1996ರವರೆಗೆ ಕಾಸರಗೋಡಿನ ಸಂಸದ ಯಾವ ಪಕ್ಷದವರಾಗಿದ್ದರೂ ತುಳು–ಕನ್ನಡ ನೆಲದ ರೈಗಳೇ. 1989ರಲ್ಲಂತೂ ಎರಡೂ ಕಡೆಯವರು ರೈಗಳು.

ಇದು ಹೇಗಾಯಿತು? ಬಡಗಿನ ಎರಡು ಕ್ಷೇತ್ರಗಳಲ್ಲಿ ಕನ್ನಡ–ತುಳು ಮತ ಆಗ ಯಾವ ರಂಗಕ್ಕೂ ಪೂರ್ತಿ ಬಿಗಿದುಕೊಂಡಿರಲಿಲ್ಲ. ತೆಂಕಿನ ಮತ ಹೆಚ್ಚುಕಡಿಮೆ ಸ್ಥಿರ. ಅಲುಗಾಡುವ ಮತ ಬಡಗಿನಲ್ಲಿದ್ದಾಗ ಅಲ್ಲಿನ ಭಾಷೆ ಮಾತಾಡುವ ಅಭ್ಯರ್ಥಿಗೆ ಎರಡೂ ಪಕ್ಷಗಳಲ್ಲಿ ಬೆಲೆ. 1980ರ ದಶಕದ ಕೊನೆಯಿಂದ ಆ ಮತದ ದೊಡ್ಡ ಪಾಲು ಬಿಜೆಪಿಯತ್ತ ಸರಿದು ಅಲ್ಲಿ ನೆಲೆ ನಿಂತಿತು. ಅಲುಗುವ ಮತ ಕಡಿಮೆಯಾದಂತೆ ಎರಡು ದೊಡ್ಡ ರಂಗಗಳಿಗೂ ಕನ್ನಡ ಬಲ್ಲ ಅಭ್ಯರ್ಥಿಯ ಅಗತ್ಯ ಕುಗ್ಗಿತು. 1996ರಲ್ಲಿ ಸಿಪಿಎಂ ಟಿ. ಗೋವಿಂದನ್ ಅವರನ್ನು ನಿಲ್ಲಿಸಿತು, ಎದುರಿಗೆ ಮತ್ತೆ ರಾಮ ರೈ ಇದ್ದರು, ಗೋವಿಂದನ್ ಸುಲಭವಾಗಿ ಗೆದ್ದರು. ಆಮೇಲೆ ಈ ಸ್ಥಾನದಿಂದ ತುಳು–ಕನ್ನಡ ಮನೆಮಾತಿನವರು ಗೆದ್ದಿಲ್ಲ. ಈ ಕೊನೆಯ ಮಾತು ಕೆಲವರಿಗೆ ಹಿತವಾಗದಿರಬಹುದು. ಮತವನ್ನು ಒಂದೇ ಕಡೆ ಕಟ್ಟಿಡುವುದಕ್ಕೂ ಅದರದ್ದೇ ಕಾರಣಗಳಿವೆ, ಅದರದ್ದೇ ಬೆಲೆಯೂ ಇದೆ. ಎರಡನ್ನೂ ತಿಳಿದೇ ಮಾಡಬೇಕು.

ಗೋವಿಂದನ್ 1996, 1998, 1999. ಪಿ. ಕರುಣಾಕರನ್ 2004, 2009, 2014. ಕರುಣಾಕರನ್ ಅವರ ಅಂತರ 2004ರಲ್ಲಿ 1,08,256 ಇದ್ದದ್ದು 2009ರಲ್ಲಿ 64,427ಕ್ಕೂ 2014ರಲ್ಲಿ 6,921ಕ್ಕೂ ಇಳಿಯಿತು. 2014ರಲ್ಲಿ ಕಾಂಗ್ರೆಸ್ಸಿನ ಟಿ. ಸಿದ್ದಿಕ್ 3,78,043 ಮತ ಪಡೆದು ಅಷ್ಟು ಹತ್ತಿರ ಬಂದಿದ್ದರು. ಹಾಗಾಗಿ 2019ರ ಫಲಿತಾಂಶವನ್ನು ದಿಢೀರ್ ಆಘಾತವೆಂದು ಬಣ್ಣಿಸಿದ್ದು ಸರಿಯಲ್ಲ. ಅಂತರ ಹತ್ತು ವರ್ಷದಿಂದ ಸವೆಯುತ್ತಲೇ ಇತ್ತು. ಕಾಂಗ್ರೆಸ್ಸಿನ ರಾಜಮೋಹನ್ ಉಣ್ಣಿತ್ತಾನ್ 4,74,961, ಸಿಪಿಎಂನ ಕೆ.ಪಿ. ಸತೀಶ್ಚಂದ್ರನ್ 4,34,523, ಬಿಜೆಪಿಯ ರವೀಶ ತಂತ್ರಿ ಕುಂಟಾರು 1,76,049. ಅಂತರ 40,438. 1984ರ ನಂತರ ಕಾಂಗ್ರೆಸ್ಸಿಗೆ ಮೊದಲ ಗೆಲುವು. ಆ ಸಲ ಏಪ್ರಿಲ್ 23ರಂದು ನಡೆದ ಮತದಾನದ ವೆಬ್‌ಕಾಸ್ಟಿಂಗ್ ದೃಶ್ಯಗಳಲ್ಲಿ ಕಳ್ಳ ಓಟು ಕಂಡುಬಂದು, ಕಲ್ಯಾಶ್ಶೇರಿ, ತ್ರಿಕ್ಕರಿಪುರ ಭಾಗದ ಕೆಲವು ಬೂತುಗಳಲ್ಲಿ ಮೇ 19ರಂದು ಮರುಮತದಾನ ನಡೆಯಿತು.

2024ರ ಸಂಖ್ಯೆಗಳನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಉಣ್ಣಿತ್ತಾನ್ 4,90,659, ಸಿಪಿಎಂನ ಎಂ.ವಿ. ಬಾಲಕೃಷ್ಣನ್ 3,90,010, ಬಿಜೆಪಿಯ ಎಂ.ಎಲ್. ಅಶ್ವಿನಿ 2,19,558. ಅಂತರ 1,00,649. 2019ಕ್ಕೆ ಹೋಲಿಸಿದರೆ ಕಾಂಗ್ರೆಸ್ಸಿಗೆ 15,698 ಹೆಚ್ಚು, ಸಿಪಿಎಂಗೆ 44,513 ಕಡಿಮೆ, ಬಿಜೆಪಿಗೆ 43,509 ಹೆಚ್ಚು. ಎಡರಂಗ ಕಳೆದುಕೊಂಡದ್ದು ಮತ್ತು ಬಿಜೆಪಿ ಗಳಿಸಿದ್ದು ಹೆಚ್ಚುಕಡಿಮೆ ಸಮ. ಇದನ್ನು ನೋಡಿದೊಡನೆ ಎಡರಂಗದ ಮತ ನೇರ ಬಿಜೆಪಿಗೆ ಹೋಯಿತು ಎಂದು ಬರೆದುಬಿಡುವ ಅಭ್ಯಾಸ ಬಿಡಬೇಕು. ಸತ್ತವರ ಹೆಸರು ಹೋಗಿರುತ್ತದೆ, ಹೊಸಬರು ಸೇರಿರುತ್ತಾರೆ, ಕಳೆದ ಸಲ ಬಂದವರು ಈ ಸಲ ಬಂದಿರುವುದಿಲ್ಲ. ಒಟ್ಟು ಮೊತ್ತದಿಂದ ಮನುಷ್ಯರ ಓಡಾಟ ತಿಳಿಯುವುದಿಲ್ಲ.

ತಿಳಿಯಬೇಕಾದರೆ ಫಾರ್ಮ್ 20 ನೋಡಬೇಕು. ಅದು ಬೂತುವಾರು ಅಂತಿಮ ಫಲಿತಾಂಶದ ಹಾಳೆ. ಚುನಾವಣಾ ಆಯೋಗದ ರಾಜ್ಯ ಕಚೇರಿಯ ಜಾಲತಾಣದಲ್ಲಿ ಸಿಗುತ್ತದೆ. ಅದನ್ನು ಓದುವಾಗ ಮೂರು ಕಡೆ ಎಡವುತ್ತೇವೆ. ಒಂದು, ಬೂತಿನ ಸಂಖ್ಯೆ. ಮತದಾರರು ಹೆಚ್ಚಾದಾಗ ಬೂತು ಒಡೆಯುತ್ತದೆ, ಅಲ್ಲಿಂದ ಮುಂದಿನ ಸಂಖ್ಯೆಗಳೆಲ್ಲ ಸರಿಯುತ್ತವೆ. 2016ರ 40ನೇ ಬೂತು 2021ರ 40ನೇ ಬೂತು ಆಗಿರಬೇಕಿಲ್ಲ. ಸಂಖ್ಯೆಯ ಬದಲು ಶಾಲೆಯ ಹೆಸರು ಮತ್ತು ಕಟ್ಟಡದ ಯಾವ ಪಾರ್ಶ್ವ ಎಂಬುದನ್ನು ಹಿಡಿದು ಜೋಡಿಸಬೇಕು. ಎರಡು, ಅಂಚೆ ಮತ. ಅದು ಬೂತಿಗೆ ಹಂಚಿಕೆಯಾಗುವುದಿಲ್ಲ, ಕೊನೆಯಲ್ಲಿ ಒಂದೇ ಸಾಲಿನಲ್ಲಿ ಬರುತ್ತದೆ. ಅಂತರ ನೂರರ ಒಳಗಿದ್ದರೆ ಆ ಒಂದು ಸಾಲೇ ಫಲಿತಾಂಶ ತಿರುಗಿಸಬಲ್ಲದು. ಮೂರು, 2008ರ ಕ್ಷೇತ್ರ ಮರುವಿಂಗಡಣೆ. ಲೋಕಸಭೆಗೆ 2009ರಿಂದ, ವಿಧಾನಸಭೆಗೆ 2011ರಿಂದ ಗಡಿಗಳು ಬೇರೆ. ಮೀಸಲು ಕ್ಷೇತ್ರವಾಗಿದ್ದ ಹೊಸದುರ್ಗದ ಜಾಗದಲ್ಲಿ ಸಾಮಾನ್ಯ ಕ್ಷೇತ್ರವಾದ ಕಾಞಂಗಾಡು ಬಂತು. 2006ರ ಸಂಖ್ಯೆಗೆ 2011ರ ಸಂಖ್ಯೆ ಜೋಡಿಸಿ ಏರಿತು, ಇಳಿಯಿತು ಎನ್ನುವುದು ಎರಡು ಬೇರೆ ಗದ್ದೆಗಳ ಭತ್ತ ಅಳೆದಂತೆ.

ಈಗ ಮಂಜೇಶ್ವರದ ಕಡೆಗೆ ಮತ್ತೊಮ್ಮೆ. 1987ರಿಂದ 2001ರವರೆಗೆ ನಾಲ್ಕು ಬಾರಿ ಲೀಗಿನ ಚೆರ್ಕಳಂ ಅಬ್ದುಲ್ಲ. 1991ರಲ್ಲಿ ಬಿಜೆಪಿಯ ಕೆ.ಜಿ. ಮಾರಾರ್ ಸಾವಿರದ ಆಸುಪಾಸಿನ ಅಂತರದಲ್ಲಿ ಸೋತರು. 2006ರಲ್ಲಿ ಸಿಪಿಎಂನ ಸಿ.ಎಚ್. ಕುಂಞಂಬು ಗೆದ್ದರು, ಬಿಜೆಪಿ ಎರಡನೆಯದು, ಚೆರ್ಕಳಂ ಮೂರನೆಯವರು. 2011ರಲ್ಲಿ ಲೀಗಿನ ಪಿ.ಬಿ. ಅಬ್ದುಲ್ ರಝಾಕ್ ಬಿಜೆಪಿಯ ಕೆ. ಸುರೇಂದ್ರನ್ ಅವರನ್ನು 5,828 ಮತಗಳಿಂದ ಸೋಲಿಸಿದರು. 2016ರಲ್ಲಿ ಅದೇ ಇಬ್ಬರು. ರಝಾಕ್ 56,870, ಸುರೇಂದ್ರನ್ 56,781. ಅಂತರ 89. ಮೂರನೆಯವರಾದ ಕುಂಞಂಬು ಅವರಿಗೆ 42,565. ನಲವತ್ತೈದು ಮಂದಿ ಆಚೆಯಿಂದ ಈಚೆಗೆ ಮತ ಹಾಕಿದ್ದರೆ ಫಲಿತಾಂಶ ತಿರುಗುತ್ತಿತ್ತು. ಹೆಸರಿನಲ್ಲಿ ಸುರೇಂದ್ರನ್ ಅವರಿಗೆ ಹೋಲುವ ಇನ್ನೊಬ್ಬ ಅಭ್ಯರ್ಥಿಗೆ ಆ ಸಲ 467 ಮತ ಬಿದ್ದವು. ಹೆಸರು ಓದಿ ಗುಂಡಿ ಒತ್ತುವ ಮತದಾರನಿಗೆ ಲಿಪಿ ಎಷ್ಟು ಮುಖ್ಯವೆಂದು ಹೇಳಲು ಈ ಸಂಖ್ಯೆ ಸಾಕು.

ಸೋತ ಸುರೇಂದ್ರನ್ ಕೇರಳ ಹೈಕೋರ್ಟಿಗೆ ಹೋದರು. ಸತ್ತವರ ಹೆಸರಲ್ಲಿ, ಊರಲ್ಲಿಲ್ಲದೆ ವಿದೇಶದಲ್ಲಿದ್ದವರ ಹೆಸರಲ್ಲಿ ಮತ ಬಿದ್ದಿದೆಯೆಂಬುದು ಆರೋಪ. ಈ ತಕರಾರು ಅರ್ಜಿ ಹೇಗೆ ನಡೆಯುತ್ತದೆಂದು ಗೊತ್ತಿದ್ದರೆ ಮುಂದೆ ಆದದ್ದು ಅರ್ಥವಾಗುತ್ತದೆ. ಫಲಿತಾಂಶ ಬಂದ 45 ದಿನದೊಳಗೆ ಅರ್ಜಿ ಹಾಕಬೇಕು. ಆರು ತಿಂಗಳೊಳಗೆ ವಿಚಾರಣೆ ಮುಗಿಸಲು ಯತ್ನಿಸಬೇಕೆಂದು ಕಾಯ್ದೆ ಹೇಳುತ್ತದೆ, ಆದರೆ ಪ್ರತಿ ಕಳ್ಳ ಓಟಿಗೂ ಬೇರೆ ಬೇರೆ ಸಾಕ್ಷ್ಯ ಬೇಕು. ಮತಗಟ್ಟೆಯ ಫಾರ್ಮ್ 17ಎ ರಿಜಿಸ್ಟರಿನಲ್ಲಿ ಆ ಹೆಸರಿನೆದುರು ಸಹಿ ಇದೆಯೇ? ಆ ವ್ಯಕ್ತಿ ಆ ದಿನ ಗಲ್ಫಿನಲ್ಲಿದ್ದರೇ? ಹಾಗಿದ್ದರೆ ಪಾಸ್‌ಪೋರ್ಟಿನ ಮುದ್ರೆ, ವಲಸೆ ವಿಭಾಗದ ದಾಖಲೆ ತರಿಸಬೇಕು. ಆ ವ್ಯಕ್ತಿಗೇ ಸಮನ್ಸ್ ಮುಟ್ಟಿಸಬೇಕು. ಇಷ್ಟಾದರೂ ಆ ಮತ ಕಳ್ಳ ಎಂದು ತೋರಿಸುವುದು ಅರ್ಧ ಕೆಲಸ. ಅದರಿಂದ ಫಲಿತಾಂಶಕ್ಕೆ ನಿಜಕ್ಕೂ ಧಕ್ಕೆಯಾಯಿತೆಂದು ತೋರಿಸುವುದು ಉಳಿದರ್ಧ. ಇದು 100ನೇ ಸೆಕ್ಷನ್ನಿನ ಷರತ್ತು.

ವಿಚಾರಣೆ ನಡೆಯುತ್ತಿದ್ದಂತೆ 2018ರ ಅಕ್ಟೋಬರಿನಲ್ಲಿ ರಝಾಕ್ ತೀರಿಕೊಂಡರು. ತೆರವಾದ ಸ್ಥಾನಕ್ಕೆ ಆರು ತಿಂಗಳೊಳಗೆ ಉಪಚುನಾವಣೆ ಎನ್ನುವುದು 151ಎ ಸೆಕ್ಷನ್. ಆದರೆ ಅರ್ಜಿದಾರ ತಮ್ಮನ್ನೇ ಗೆದ್ದವರೆಂದು ಘೋಷಿಸಬೇಕೆಂದು ಕೇಳಿರುವಾಗ ಉಪಚುನಾವಣೆ ನಡೆಸುವಂತಿಲ್ಲ. ಕೋರ್ಟು ಅವರನ್ನು ಘೋಷಿಸಿಬಿಟ್ಟರೆ ಒಂದೇ ಸ್ಥಾನಕ್ಕೆ ಇಬ್ಬರಾಗುತ್ತಾರೆ. ಅರ್ಜಿ ಹಿಂತೆಗೆಯುವುದೂ ಅರ್ಜಿದಾರನ ಇಷ್ಟಕ್ಕೆ ಬಿಟ್ಟದ್ದಲ್ಲ. ಕೋರ್ಟಿನ ಅನುಮತಿ ಬೇಕು, ಗೆಜೆಟ್ ಪ್ರಕಟಣೆ ಬೇಕು. 2019ರಲ್ಲಿ ಅರ್ಜಿ ಹಿಂತೆಗೆದ ಮೇಲೆ ಅಕ್ಟೋಬರ್ 21ರಂದು ಉಪಚುನಾವಣೆ ಆಯಿತು. ಅಲ್ಲಿಗೆ ಒಂದು ಇಡೀ ವರ್ಷ ಮಂಜೇಶ್ವರಕ್ಕೆ ಶಾಸಕರಿರಲಿಲ್ಲ. ಆ ಏಪ್ರಿಲಿನ ಲೋಕಸಭಾ ಚುನಾವಣೆಯ ಜೊತೆಗೇ ಮುಗಿಸಬಹುದಾಗಿದ್ದ ಕೆಲಸ ಅದು. ಒಂದೆರಡು ಬೂತಿನ ಅಸಡ್ಡೆ ಎಂಟು ಪಂಚಾಯತುಗಳ ಜನರನ್ನು ಎಷ್ಟು ದೂರ ಬಾಧಿಸಬಲ್ಲದೆಂದು ನೋಡಿ.

ಉಪಚುನಾವಣೆಯಲ್ಲಿ ಲೀಗಿನ ಎಂ.ಸಿ. ಕಮರುದ್ದೀನ್ 65,407, ಬಿಜೆಪಿಯ ರವೀಶ ತಂತ್ರಿ 57,484, ಸಿಪಿಎಂನ ಎಂ. ಶಂಕರ ರೈ 38,233. ಅಂತರ 7,923. 2021ರಲ್ಲಿ ಲೀಗಿನ ಎ.ಕೆ.ಎಂ. ಅಶ್ರಫ್ 65,758, ಸುರೇಂದ್ರನ್ 65,013, ಸಿಪಿಎಂನ ವಿ.ವಿ. ರಮೇಶನ್ 40,639. ಅಂತರ 745. ಅಶ್ರಫ್ ಸದನದಲ್ಲಿ ಕನ್ನಡದಲ್ಲಿ ಪ್ರಮಾಣವಚನ ತೆಗೆದುಕೊಂಡರು. ಈ ಮೂರು ಚುನಾವಣೆಗಳಲ್ಲಿ ಮೊದಲಿಬ್ಬರ ಸೆಣಸಾಟವನ್ನೇ ಎಲ್ಲರೂ ನೋಡುತ್ತಾರೆ. ಮೂರನೇ ಸ್ಥಾನದ 40 ಸಾವಿರದ ಆಸುಪಾಸಿನ ಮತ ಎಷ್ಟು ಬಿಗಿಯಾಗಿ ನಿಲ್ಲುತ್ತದೆ ಎಂಬುದರ ಮೇಲೆ ಮಂಜೇಶ್ವರದ ಫಲಿತಾಂಶ ನಿಂತಿದೆ.

ಇಷ್ಟು ಕಿರಿದಾದ ಅಂತರವಿರುವ ಊರಿನಲ್ಲಿ ಬೂತ್ ಏಜೆಂಟರು ತಿಳಿದಿರಬೇಕಾದ ಎರಡು ನಿಯಮಗಳಿವೆ. ಬಂದವರು ಬೇರೆಯವರೆಂದು ಅನುಮಾನ ಬಂದರೆ ಅಲ್ಲೇ, ಮತ ಹಾಕುವ ಮೊದಲೇ ಪ್ರಶ್ನಿಸಬೇಕು. ಅದಕ್ಕೆ ಇಡಬೇಕಾದ ಠೇವಣಿ ಎರಡು ರೂಪಾಯಿ. ಮತಗಟ್ಟೆಯ ಅಧಿಕಾರಿ ಅಲ್ಲಿಯೇ ವಿಚಾರಿಸಿ ತೀರ್ಮಾನಿಸುತ್ತಾರೆ. ಮತ ಬಿದ್ದ ಮೇಲೆ ಮಾಡುವ ಗಲಾಟೆಗೆ ಕಾನೂನಿನ ಬೆಲೆ ಇಲ್ಲ. ಇನ್ನೊಂದು, ನೀವು ಹೋಗುವಾಗ ನಿಮ್ಮ ಹೆಸರಲ್ಲಿ ಯಾರೋ ಮತ ಹಾಕಿಹೋಗಿದ್ದರೆ ಮನೆಗೆ ಮರಳಬೇಡಿ. ಗುರುತು ಸಾಬೀತುಪಡಿಸಿ ಕಾಗದದ ಮತಪತ್ರ ಕೇಳಿ. 49ಪಿ ನಿಯಮ ಅದನ್ನು ಕೊಡುತ್ತದೆ. ಅದು ಯಂತ್ರಕ್ಕೆ ಹೋಗುವುದಿಲ್ಲ, ಮುಚ್ಚಿದ ಲಕೋಟೆಯಲ್ಲಿ ಉಳಿಯುತ್ತದೆ, ಎಣಿಕೆಯ ದಿನ ಲೆಕ್ಕಕ್ಕೂ ಬರುವುದಿಲ್ಲ. ಆದರೆ ಅಂತರ 89 ಆಗಿ ವ್ಯಾಜ್ಯ ಕೋರ್ಟಿಗೆ ಹೋದ ದಿನ ಆ ಲಕೋಟೆಯೇ ಪುರಾವೆ.

ಮತದಾರರ ಪಟ್ಟಿಯ ಕನ್ನಡದ ಬಗ್ಗೆ ಹೇಳದೆ ಮುಗಿಸಲಾರೆ. ಹೆಸರು ಮೊದಲು ಮಲಯಾಳದಲ್ಲಿ ದಾಖಲಾಗಿ ಅಲ್ಲಿಂದ ಯಂತ್ರದ ಮೂಲಕ ಕನ್ನಡಕ್ಕೆ ಬಂದರೆ ತಪ್ಪುಗಳು ಒಂದೇ ಜಾಡಿನಲ್ಲಿ ಬರುತ್ತವೆ. ಮಲಯಾಳದವರು ಕುಂಬಳೆಯನ್ನು ‘ಮ್ಪ’ ಬರೆದು ‘ಂಬ’ ಎಂದು ಓದುತ್ತಾರೆ. ಅಕ್ಷರಕ್ಕೆ ಅಕ್ಷರ ಇಟ್ಟರೆ ಕನ್ನಡದಲ್ಲಿ ‘ಕುಮ್ಪಳ’ ಆಗುತ್ತದೆ. ಮಂಜೇಶ್ವರ ‘ಮಞ್ಚೇಶ್ವರಂ’ ಆಗುತ್ತದೆ. ಅವರ ಬರಹದಲ್ಲಿ ಪದದ ಕೊನೆಯ ಉಕಾರ ಅರ್ಧವಾಗಿ ನಿಲ್ಲುವುದರಿಂದ ಕಾಸರಗೋಡು ‘ಕಾಸರ್ಗೋಡ್’ ಆಗುತ್ತದೆ, ಭಟ್ ‘ಭಟ್ಟ್’ ಆಗುತ್ತದೆ. ಇಂಥ ಪಟ್ಟಿಯಲ್ಲಿ ಹೆಸರಿನಿಂದ ಹುಡುಕಿದರೆ ಸಿಗುವುದಿಲ್ಲ, ಹೆಸರೇ ಹೋಯಿತೆಂದು ಜನ ಗಾಬರಿಯಾಗಿ ಹೊಸದಾಗಿ ಅರ್ಜಿ ಹಾಕುತ್ತಾರೆ. ಒಬ್ಬರೇ ಎರಡು ಸಲ ಪಟ್ಟಿಗೆ ಬೀಳುತ್ತಾರೆ. ಗುರುತುಚೀಟಿಯ ಸಂಖ್ಯೆಯಿಂದ, ಅಂದರೆ ಮೂರು ಅಕ್ಷರ ಏಳು ಅಂಕಿಯಿಂದ ಹುಡುಕಿ. ಅದಕ್ಕೆ ಲಿಪಿಯ ತೊಡಕಿಲ್ಲ. ಕಾಗುಣಿತದ ಸಣ್ಣ ತಪ್ಪಿಗೆ ಮತಗಟ್ಟೆಯಲ್ಲಿ ತಡೆಯುವಂತಿಲ್ಲ. ಆದರೂ ಫಾರ್ಮ್ 8 ಹಾಕಿ ತಿದ್ದಿಸಿಕೊಳ್ಳಿ. ಸರಕಾರಕ್ಕೆ ಕನ್ನಡದಲ್ಲಿ ಬರೆದು ಕನ್ನಡದಲ್ಲಿಯೇ ಉತ್ತರ ಪಡೆಯುವ ಅವಕಾಶವನ್ನು ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆ ಇಲ್ಲಿನ ಕನ್ನಡಿಗರಿಗೆ ಕೊಟ್ಟಿದೆ.

ಕೊನೆಯದಾಗಿ ತಲಪಾಡಿ. ಓದು, ಕೆಲಸ, ಮದುವೆಯಿಂದಾಗಿ ಗಡಿಯ ಎರಡೂ ಕಡೆ ಹೆಸರಿರುವವರು ನಮ್ಮಲ್ಲಿದ್ದಾರೆ. ಎರಡು ಕ್ಷೇತ್ರದಲ್ಲಿ ಹೆಸರಿರಬಾರದೆಂಬುದು 1950ರ ಕಾಯ್ದೆಯ 17ನೇ ಸೆಕ್ಷನ್. ಸುಳ್ಳು ಘೋಷಣೆಗೆ ಒಂದು ವರ್ಷದವರೆಗೆ ಸಜೆ. 2014ರಲ್ಲಿ ಇಲ್ಲಿ ಮತದಾನ ಏಪ್ರಿಲ್ 10, ಮಂಗಳೂರಿನಲ್ಲಿ ಏಪ್ರಿಲ್ 17. 2019ರಲ್ಲಿ ಅಲ್ಲಿ 18, ಇಲ್ಲಿ 23. ಎರಡೂ ಸಲ ದಿನ ಬೇರೆಯಾಗಿದ್ದರಿಂದ ಆಚೀಚೆ ಮತ ಹಾಕುವ ಮಾತು ಎದ್ದಿತ್ತು. 2024ರಲ್ಲಿ ಎರಡೂ ಕಡೆ ಏಪ್ರಿಲ್ 26. ದಿನ ಒಂದೇ ಆದರೂ ಹೆಸರು ಎರಡು ಕಡೆ ಉಳಿಯುವುದು ತಪ್ಪಲಿಲ್ಲ. ಇದು ಬಹುಪಾಲು ಫಾರ್ಮಿನ ಗೊಂದಲ. ಈಗ ಫಾರ್ಮ್ 6 ಮೊದಲ ಬಾರಿಗೆ ಹೆಸರು ಸೇರಿಸುವವರಿಗೆ ಮಾತ್ರ. ಮದುವೆಯಾಗಿ ಕರ್ನಾಟಕದ ಉಳ್ಳಾಲದಿಂದ ವರ್ಕಾಡಿಗೆ ಬಂದ ಹೆಣ್ಣುಮಗಳಿಗೆ ಊರವರು ಫಾರ್ಮ್ 6 ತುಂಬಿಸಿಕೊಟ್ಟರೆ ಉಳ್ಳಾಲದ ಹೆಸರು ಅಲ್ಲಿಯೇ ಉಳಿಯುತ್ತದೆ, ಆಕೆ ತಿಳಿಯದೆ ಎರಡು ಕಡೆಯ ಮತದಾರಳಾಗುತ್ತಾಳೆ. ತುಂಬಬೇಕಾದದ್ದು ಫಾರ್ಮ್ 8, ವಾಸ ಬದಲಾವಣೆಯ ಚೌಕದಲ್ಲಿ ಗುರುತು ಹಾಕಿ, ಹಳೆಯ ಗುರುತುಚೀಟಿಯ ಸಂಖ್ಯೆ ಬರೆದು. ಆಗ ಅಲ್ಲಿನ ಹೆಸರು ತೆಗೆಯುವ ಕ್ರಮವೂ ಅದೇ ಅರ್ಜಿಯಿಂದ ಶುರುವಾಗುತ್ತದೆ.